ಮುಖ ನೋಡಿ ಹತ್ತಿದ ಬಸ್ಸು

ಮನುಷ್ಯರ ಮುಖ ನೆನಪಿಟ್ಟುಕೊಳ್ಳುವ ವಿಷಯದಲ್ಲಿ ನಾನು ಶುದ್ಧ ದಡ್ಡ. ಕಲಿಸಿದ ಹುಡುಗರು ಪೇಟೆಯಲ್ಲಿ ಎದುರಾಗಿ ‘ಸರ್, ಆರಾಮ ಅದೀರೇನ್ರಿ?’ ಎಂದು ಕೈಮುಗಿದರೆ, ಯಾರೆಂದು ತಿಳಿಯದೆ ‘ಹ್ಞೂಂಪಾ, ನಿಮ್ಮ ಅಪ್ಪ ಹೆಂಗದಾನ?’ ಎಂದು ಹಾರಿಕೆಯ ಮಾತಾಡಿ ಪಾರಾಗುವುದು ನನ್ನ ರೂಢಿ. ಒಮ್ಮೆ ಹೀಗೆ ಕೇಳಿದಾಗ ಆ ಹುಡುಗ ಕಕ್ಕಾಬಿಕ್ಕಿಯಾಗಿ ನನ್ನ ಪಕ್ಕಕ್ಕೆ ನೋಡಿದ. ಅವನ ಅಪ್ಪ ನಮ್ಮದೇ ಶಾಲೆಯ ಗಣಿತದ ಮಾಸ್ತರರು, ನನ್ನ ಜೊತೆಗೇ ನಿಂತು ಚಹಾ ಕುಡಿಯುತ್ತಿದ್ದರು. ಅಂಥ ನನ್ನನ್ನು ದೇವರು ಬಸ್ಸುಗಳ ವಿಷಯದಲ್ಲಿ ಮಾತ್ರ ಕೈಬಿಟ್ಟಿರಲಿಲ್ಲ. ಒಮ್ಮೆ ಕೂತು ಬಂದ ಬಸ್ಸನ್ನು ನಾನು ಮರೆಯುವುದಿಲ್ಲ. ಅದರ ಮೈಮೇಲಿನ ನೆಗ್ಗು, ಗೇರು ಬದಲಿಸುವಾಗಿನ ನರಳಿಕೆ, ಯಾವ ಸೀಟಿನ ಮೊಳೆ ಯಾವ ಕಡೆಯಿಂದ ಪ್ಯಾಂಟು ಹಿಡಿಯುತ್ತದೆ ಎಂಬುದೆಲ್ಲ ನನಗೆ ಬಾಯಿಪಾಠ. ಇದೊಂದು ವಿದ್ಯೆ ಎಂದು ಬಹಳ ದಿನ ಹೆಮ್ಮೆಪಟ್ಟುಕೊಂಡಿದ್ದೆ. ಈಗ ಅದನ್ನು ಏನೆಂದು ಕರೆಯಬೇಕೋ ನನಗೇ ತಿಳಿಯದಾಗಿದೆ.

ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ ಬರೀ ಬೋರ್ಡು ಓದಿ ಬಸ್ಸು ಹತ್ತುವವನನ್ನು ಕಂಡರೆ ಅವನು ಹೊರಗಿನವನೆಂದು ತಿಳಿಯಬೇಕು. ನಮ್ಮವರೂ ಬೋರ್ಡು ಓದುತ್ತಾರೆ, ಆದರೆ ಓದಿದ ಮೇಲೂ ಕೇಳುತ್ತಾರೆ. ‘ಹುಕ್ಕೇರಿ’ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ, ಅದರ ಕೆಳಗೇ ನಿಂತು ‘ಎಲ್ಲಿಗಿ ಹೊಂಟೈತ್ರಿ ಇದು?’ ಎನ್ನುತ್ತಾರೆ. ಕೇಳಿಸಿಕೊಂಡವನು ಬೇಸರಪಟ್ಟುಕೊಳ್ಳುವುದಿಲ್ಲ. ‘ಹುಕ್ಕೇರಿಗಿ ಅಂತ ಕಾಣಸ್ತೈತಿ. ಯಾವುದಕ್ಕೂ ಡ್ರೈವರ್‌ನ ಒಂದ ಮಾತ ಕೇಳ್ರಿ’ ಎನ್ನುತ್ತಾನೆ. ಡ್ರೈವರು ಕಂಡಕ್ಟರನ ಕಡೆ ಕೈ ಮಾಡುತ್ತಾನೆ. ಕಂಡಕ್ಟರು ‘ಹತ್ರಿ, ಹೇಳ್ತೀನಿ’ ಎನ್ನುತ್ತಾನೆ. ಯಾರನ್ನೂ ಕೇಳದೆ ಸುಮ್ಮನೆ ಹತ್ತಿ ಕೂರುವವನು ಸೊಕ್ಕಿನ ಮನುಷ್ಯ ಎಂದೇ ಲೆಕ್ಕ. ಇದಕ್ಕೆ ಕಾರಣವೂ ಇದೆ. ಬಂದು ನಿಂತ ಬಸ್ಸಿಗೆ ಬಂದ ಊರಿನ ಬೋರ್ಡೇ ಇರುತ್ತದೆ, ಹೋಗುವ ಊರಿನದು ಹೊರಡುವ ಗಳಿಗೆಗೆ ಬರುತ್ತದೆ. ಹೊಸ ಗಾಡಿಗಳಲ್ಲಿ ದೀಪದ ಬೋರ್ಡು ಬಂದಿವೆ, ಅವುಗಳಲ್ಲಿ ಅಕ್ಷರಗಳು ಒಂದರ ಹಿಂದೊಂದು ನಡೆದು ಬರುತ್ತವೆ. ಮೊದಲು ಸ್ವಾಗತ, ಆಮೇಲೆ ಸುಖಪ್ರಯಾಣದ ಹಾರೈಕೆ, ಇನ್ನೇನು ಊರಿನ ಹೆಸರಿನ ತಲೆ ಕಾಣಬೇಕು ಎನ್ನುವಷ್ಟರಲ್ಲಿ ಬಸ್ಸು ಗೇಟು ದಾಟಿರುತ್ತದೆ. ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವನು. ನಕಾಶೆಯ ಮೇಲೆ ಕೋಲಿಟ್ಟು ಉತ್ತರ ಯಾವುದು, ಪಶ್ಚಿಮ ಯಾವುದು ಎಂದು ದಿನಾ ತೋರಿಸುತ್ತೇನೆ. ಆ ಸ್ಟ್ಯಾಂಡಿನಲ್ಲಿ ಕಾಲಿಟ್ಟರೆ ನನ್ನ ದಿಕ್ಕುಗಳೇ ಕಲಸಿಹೋಗುತ್ತವೆ.

ಇಷ್ಟೆಲ್ಲ ಗೊಂದಲದಲ್ಲಿ ನಾನು ಕಣ್ಣುಮುಚ್ಚಿ ನಂಬಿದ್ದು ಒಂದೇ ಗಾಡಿಯನ್ನು. ಅದು ಮೂಡಲಗಿ ದಾಟಿ ನನ್ನ ತಂಗಿ ಸುವರ್ಣಾಳ ಊರಿನ ತನಕ ಹೋಗುವ ಹಳೆಯ ಬಸ್ಸು. ಅದರ ಒಂದು ದೀಪ ಹಳದಿ, ಇನ್ನೊಂದು ಬಿಳಿ. ಡ್ರೈವರನ ಹಿಂದಿನ ಕಿಟಕಿಗೆ ಗಾಜಿನ ಬದಲು ತಗಡು. ಹಾರ್ನು ಒತ್ತಿದರೆ ಮೊದಲು ಉಸಿರೆಳೆದುಕೊಂಡು, ಆಮೇಲೆ ಕೂಗುತ್ತದೆ. ಹಿಂದುಗಡೆ ಕಬ್ಬಿನ ಟ್ರ್ಯಾಕ್ಟರು ತಾಗಿದ ನೆಗ್ಗು. ಆ ಊರಿನವರು ಅದನ್ನು ‘ನಮ್ಮ ಗಾಡಿ’ ಎಂದೇ ಕರೆಯುತ್ತಾರೆ. ಆ ನೆಗ್ಗು ಯಾರ ತಪ್ಪಿನಿಂದ ಆಯಿತು ಎಂಬುದರ ಬಗ್ಗೆ ಊರಿನಲ್ಲಿ ಈಗಲೂ ಎರಡು ಪಾರ್ಟಿಗಳಿವೆ ಎಂದು ತಂಗಿ ಹೇಳುತ್ತಾಳೆ. ಬಸ್ಸಿನದು ತಪ್ಪು ಎನ್ನುವವರು ಮಾತ್ರ ಯಾವ ಪಾರ್ಟಿಯಲ್ಲೂ ಇಲ್ಲ.

ಸುವರ್ಣಾಳನ್ನು ಕೊಟ್ಟಿದ್ದು ಹೊಲ, ಕುರಿ ಎರಡೂ ಇರುವ ದೊಡ್ಡ ಕೂಡು ಮನೆತನಕ್ಕೆ. ಅವಳಿಗೆ ನಾನೊಬ್ಬನೇ ಅಣ್ಣ. ಅವಳ ಮಗ ಮಾಳುವನ್ನು ತೊಟ್ಟಿಲಿಗೆ ಹಾಕಿದ ದಿನ ನಾನು ತಲುಪುವ ಹೊತ್ತಿಗೆ ಹೆಸರಿಟ್ಟು, ಸಕ್ಕರೆ ಹಂಚಿ, ಮಗು ನಿದ್ದೆ ಹೋಗಿತ್ತು. ಅಂದಿನ ಸಿಟ್ಟು ಅವಳಿಗೆ ಇನ್ನೂ ಇಳಿದಿರಲಿಲ್ಲ. ಹುಡುಗನ ಕೂದಲನ್ನು ಮನೆದೇವರಾದ ಮಾಳಿಂಗರಾಯನ ಹೆಸರಿನಲ್ಲಿ ಬಿಟ್ಟಿದ್ದರು. ಅದು ಈಗ ಭುಜಕ್ಕೆ ಬಂದಿತ್ತು. ತಂಗಿ ಮೊಬೈಲಿಗೆ ಕಳಿಸುವ ಫೋಟೋದಲ್ಲೆಲ್ಲ ಹುಡುಗ ತಲೆಯ ಮೇಲೊಂದು ಜುಟ್ಟು, ಜುಟ್ಟಿಗೆ ಪ್ಲಾಸ್ಟಿಕ್ಕಿನ ಚಿಟ್ಟೆ ಕೂರಿಸಿದ ರಬ್ಬರು ಬ್ಯಾಂಡು ಹಾಕಿಕೊಂಡೇ ಇರುತ್ತಿದ್ದ. ಈ ಶ್ರಾವಣಕ್ಕೆ ಮುಂಚೆ ಜವಳ ತೆಗೆಸಬೇಕೆಂದು ನಿಶ್ಚಯವಾಯಿತು. ಮೊದಲ ಕತ್ತರಿ ಸೋದರಮಾವನದೇ ಆಗಬೇಕು, ಅದೂ ಹೊತ್ತು ನೆತ್ತಿಗೆ ಬರುವುದರೊಳಗೆ. ತಂಗಿ ಫೋನು ಮಾಡಿ, ದನಿ ಏರಿಸದೆ ಹೇಳಿದಳು: ‘ಅಣ್ಣಾ, ಈ ಸಲಾನೂ ತಡಾ ಮಾಡಿದಿ ಅಂದ್ರ ಪಂಚಮಿಗಿ ನನ್ನ ಕರೀಯಾಕ ಬರಬ್ಯಾಡ. ಬಂದ್ರೂ ನಾ ಬರೂದಿಲ್ಲ.’

ಅವಳು ಕೂಗಾಡಿದ್ದರೆ ನನಗೆ ಹೆದರಿಕೆಯಾಗುತ್ತಿರಲಿಲ್ಲ. ಮೆತ್ತಗೆ ಹೇಳಿದ್ದಕ್ಕೇ ಹೆದರಿದೆ. ನಾಗರಪಂಚಮಿಗೆ ತಂಗಿ ತವರಿಗೆ ಬರಲಿಲ್ಲವೆಂದರೆ ಯಾರ ಮುಂದೆ ಉಂಡಿ ತಿನ್ನುವುದು? ನನ್ನ ಹೆಂಡತಿ ಕಟ್ಟುವ ಉಂಡಿಯಲ್ಲಿ ಕೊಂಕು ತೆಗೆಯುವವರಾದರೂ ಯಾರು? ಅದಕ್ಕೇ ಆ ದಿನ ಬೆಳಕು ಹರಿಯುವ ಮೊದಲೇ ಎದ್ದು, ತಂಗಿಗೆ ಇಳಕಲ್ ಸೀರೆ, ಅಳಿಯ ಮಾಳುವಿಗೆ ಬಟ್ಟೆ, ಎಲ್ಲವನ್ನೂ ಚೀಲಕ್ಕೆ ತುಂಬಿ ಹೊರಟೆ. ಮಗಳಿಗೆ ಜ್ವರ ಬಂದಿದ್ದರಿಂದ ಹೆಂಡತಿ ಮನೆಯಲ್ಲೇ ಉಳಿದಳು. ಬಾಗಿಲಲ್ಲಿ ನಿಂತು ‘ಯಾರನ್ನರ ಕೇಳಿ ಬಸ್ ಹತ್ರಿ’ ಎಂದಳು. ನನ್ನ ತಂಗಿಯ ಊರಿನ ಬಸ್ಸು ಹತ್ತಲು ನಾನು ಯಾರನ್ನು ಕೇಳಬೇಕು ಎಂದು ನನಗೆ ಒಳಗೇ ಉರಿಯಿತು.

ಸ್ಟ್ಯಾಂಡಿಗೆ ಬಂದರೆ ಜನಜಾತ್ರೆ. ಹೆಂಗಸರಿಗೆ ಟಿಕೆಟಿಗೆ ದುಡ್ಡಿಲ್ಲ ಎಂದಾದ ಮೇಲೆ ನಮ್ಮ ಕಡೆ ಮನೆಯಲ್ಲಿ ಕೂತಿರುವ ಹೆಂಗಸನ್ನು ಕಾಣುವುದೇ ಕಷ್ಟವಾಗಿದೆ. ಒಳ್ಳೆಯದೇ ಆಯಿತು, ಬೇಕಾದಲ್ಲಿ ಹೋಗಿ ಬರಲಿ. ಗಂಡಸರು ದುಡ್ಡು ಕೊಟ್ಟು ನಿಲ್ಲುತ್ತೇವೆ, ಅಷ್ಟೇ. ಆ ಗದ್ದಲದ ನಡುವೆ ಮೂಲೆಯಲ್ಲಿ ನಮ್ಮ ಗಾಡಿ ಕಂಡಿತು. ಒಂದು ಕಣ್ಣು ಹಳದಿ, ಒಂದು ಬಿಳಿ, ತಗಡಿನ ಕಿಟಕಿ, ಹಿಂದೆ ನೆಗ್ಗು. ಬೋರ್ಡಿನ ಮೇಲೆ ಏನಿತ್ತೋ ನಾನು ನೋಡಲಿಲ್ಲ. ಮನೆಗೆ ಬಂದ ನೆಂಟರ ಗುರುತಿನ ಚೀಟಿ ಕೇಳುವವರುಂಟೇ? ಕಿಟಕಿಯಿಂದ ಚೀಲ ಎಸೆದು ಹಿಂದಿನ ಸೀಟು ಹಿಡಿದು, ಯಾರನ್ನೂ ಕೇಳದೆ ಹತ್ತಿ ಕೂತೆ. ಪಕ್ಕದಲ್ಲಿ ಒಬ್ಬ ಮುದುಕಿ ಆಗಲೇ ಕಂಬಳಿಯ ಗಂಟಿಟ್ಟುಕೊಂಡು ಕೂತಿದ್ದಳು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ‘ನೀ ಸುವರ್ಣಾನ ಅಣ್ಣ ಅಲ್ಲೇನ? ಮಾಸ್ತರ?’ ಎಂದಳು. ಎಂದಿನಂತೆ ನನಗೆ ಗುರುತು ಸಿಗಲಿಲ್ಲ. ತಂಗಿಯ ಓಣಿಯ ಭೀಮವ್ವ ಆಯಿ ಎಂದು ಅವಳೇ ಹೇಳಿದಳು. ಜವಳಕ್ಕೇ ಹೊರಟಿದ್ದಳು. ಊರಿನವಳೇ ಪಕ್ಕದಲ್ಲಿ ಕೂತ ಮೇಲೆ ಇನ್ನೇನು ಅನುಮಾನ? ಅವಳೂ ನನ್ನನ್ನು ನೋಡಿ, ಕಲಿತ ಮಾಸ್ತರನೇ ಹತ್ತಿದ ಮೇಲೆ ಇದು ನಮ್ಮ ಗಾಡಿಯೇ ಎಂದು ನೆಮ್ಮದಿಪಟ್ಟಳಂತೆ. ಇದನ್ನು ಅವಳು ಹೇಳಿದ್ದು ಆಮೇಲೆ.

ಬಸ್ಸು ಊರು ಬಿಟ್ಟ ಮೇಲೆ ನನಗೆ ಹಾಯಾಗಿ ನಿದ್ದೆ ಹತ್ತಿತು. ಕಂಡಕ್ಟರು ಹೆಂಗಸರ ಆಧಾರ್ ಕಾರ್ಡು ನೋಡಿ, ಚೀಟಿ ಹರಿದು, ಒಬ್ಬೊಬ್ಬರನ್ನೇ ದಾಟಿ ಹಿಂದಕ್ಕೆ ಬರುವ ಹೊತ್ತಿಗೆ ಬಹಳ ದೂರ ಬಂದುಬಿಟ್ಟಿದ್ದೆವು. ಎಚ್ಚರವಾಗಿ ಹೊರಗೆ ನೋಡಿದರೆ ‘ಧುಪದಾಳ’ ಎಂಬ ಹೆಸರಿನ ಫಲಕ ಹಿಂದೆ ಸರಿಯುತ್ತಿತ್ತು. ಭೂಗೋಳದ ಮಾಸ್ತರನಾದ ನಾನು ಮೊದಲು ಯೋಚಿಸಿದ್ದು, ಪಶ್ಚಿಮಕ್ಕಿರಬೇಕಾದ ಈ ಧುಪದಾಳ ಇಲ್ಲಿಗೆ ಯಾಕೆ ಬಂತು ಎಂದು. ನಾನು ಧುಪದಾಳಕ್ಕೆ ಬಂದಿರಬಹುದು ಎಂಬುದು ಆಮೇಲೆ ಹೊಳೆಯಿತು. ತಂಗಿಯ ಊರಿನ ಹೆಸರು ಹೇಳಿ ಟಿಕೆಟು ಕೇಳಿದರೆ ಕಂಡಕ್ಟರು ಮಷಿನು ಹಿಡಿದುಕೊಂಡೇ ನನ್ನ ಮುಖ ನೋಡಿದ.

‘ಇದು ಹುಕ್ಕೇರಿ ಗಾಡಿ ಐತ್ರಿ ಸರ.’

‘ಅದೆಂಗ? ಇದು ಮೂಡಲಗಿ ಗಾಡಿ’ ಎಂದೆ. ನನ್ನ ದನಿಯಲ್ಲಿ ಅವನನ್ನು ತಿದ್ದುವ ಧೋರಣೆಯಿತ್ತು.

‘ಬೋರ್ಡ ನೋಡಿಲ್ಲೇನ್ರಿ?’

ಆಯಿ ನಡುವೆ ಬಾಯಿ ಹಾಕಿದಳು: ‘ಬೋರ್ಡ ಯಾಕ ನೋಡ್ಬೇಕೋ ತಮ್ಮಾ? ಈ ಗಾಡಿ ನಮ್ಮೂರದು. ಈ ತಗಡ ಹಚ್ಚಿದ ಕಿಡಕಿ ನನಗ ಗೊತ್ತಿಲ್ಲೇನ? ಇದನ್ನ ಯಾರ ಕೇಳಿ ಹುಕ್ಕೇರಿಗಿ ಒಯ್ಯಾಕತ್ತೀರಿ ನೀವು?’

ಕಂಡಕ್ಟರು ಸಿಟ್ಟಾಗಲಿಲ್ಲ. ಹೊಸ ಗಾಡಿಗಳು ಬಂದಿವೆ, ನಿಮ್ಮೂರಿನ ಕಡೆ ಹೊಸದನ್ನು ಬಿಟ್ಟಿದ್ದಾರೆ, ಹಳೆಯದನ್ನು ಈ ಕಡೆ ಹಾಕಿದ್ದಾರೆ ಎಂದು ತಾಳ್ಮೆಯಿಂದ ವಿವರಿಸಿದ. ‘ಮುಂಜಾನಿಂದ ನಿಮ್ಮಂಗ ಬಾಳ ಮಂದಿ ಹತ್ತಿ ಇಳದಾರ್ರಿ. ಹುಕ್ಕೇರಿಗಿ ಹೋಗಾವ್ರು ಇದು ನಮ್ಮ ಗಾಡಿ ಅಲ್ಲ ಅಂತ ಹತ್ತವಲ್ಲರು, ನಿಮ್ಮೂರಾವ್ರು ನಮ್ಮದ ಅಂತ ಇಳೀವಲ್ಲರು. ನಾ ಏನ್ ಮಾಡ್ಲಿ ಹೇಳ್ರಿ?’ ಎಂದು ನನ್ನನ್ನೇ ಕೇಳಿದ. ನಾನೇನು ಹೇಳಲಿ? ಹೊಸ ಬಸ್ಸು ಸ್ಟ್ಯಾಂಡಿನಲ್ಲಿ ನನ್ನ ಕಣ್ಣೆದುರಿಗೇ ನಿಂತಿತ್ತು, ಥಳಥಳ ಹೊಳೆಯುತ್ತ ಸ್ವಾಗತ ಬಯಸುತ್ತಿತ್ತು. ಇದು ಎಲ್ಲಿಗೋ ದೂರದ ಊರಿಗೆ ಹೋಗುವ ಗಾಡಿ ಇರಬೇಕೆಂದು ಅದರ ಕಡೆ ತಿರುಗಿಯೂ ನೋಡದೆ ಬಂದಿದ್ದೆ.

ಘಟಪ್ರಭಾದಲ್ಲಿ ನಾನೂ ಆಯಿಯೂ ಇಳಿದೆವು. ಬಸ್ಸು ಹೊಗೆ ಬಿಟ್ಟು ಹೋಯಿತು. ಆಯಿ ಅದನ್ನು ತಿರುವಿನ ತನಕ ನೋಡುತ್ತ ನಿಂತು, ‘ಹೋಗಾಕೂ ನಾಚಿಕಿಲ್ಲ ಅದಕ’ ಎಂದು ಬೈದಳು. ಇನ್ನು ಮುಂದೆ ಬೋರ್ಡು ನೋಡದೆ ಬಸ್ಸು ಹತ್ತಬಾರದೆಂದು ನಾನು ಅಲ್ಲೇ ಶಪಥ ಮಾಡಿದೆ. ಸ್ವಲ್ಪ ಹೊತ್ತಿಗೆ ‘ಅಂಕಲಗಿ’ ಎಂಬ ಬೋರ್ಡಿನ ಬಸ್ಸೊಂದು ಬಂತು. ಆಯಿ ಹತ್ತಲು ಹೋದಳು. ನಾನು ಅವಳ ರಟ್ಟೆ ಹಿಡಿದು ಜಗ್ಗಿ, ‘ಬೋರ್ಡ ನೋಡ, ಆಯಿ’ ಎಂದೆ. ಬಸ್ಸು ಹೊರಟ ಮೇಲೆ ಪಕ್ಕದ ಚಹಾದಂಗಡಿಯವನು, ಅದು ಅಂಕಲಗಿಯಿಂದ ಬಂದದ್ದು, ಮೂಡಲಗಿಗೆ ಹೋಗುವಂಥದ್ದು, ನೀವು ಯಾಕೆ ಹತ್ತಲಿಲ್ಲ ಎಂದು ಕೇಳಿದ. ಆಯಿ ನನ್ನ ಮುಖವನ್ನೇ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಗುರುತು ನೋಡಿ ಹತ್ತಿದರೆ ಹುಕ್ಕೇರಿ, ಬೋರ್ಡು ನೋಡಿ ಹತ್ತದಿದ್ದರೆ ಘಟಪ್ರಭಾ. ಮನುಷ್ಯನಾದವನು ಇನ್ನು ಏನನ್ನು ನೋಡಬೇಕು ಎಂದು ನನಗೆ ಅಳುವೇ ಬಂತು.

ಅಷ್ಟರಲ್ಲಿ ತಂಗಿಯ ಫೋನು. ‘ಎಲ್ಲಿಗಿ ಬಂದಿ?’ ಎಂದಳು. ಸುಳ್ಳು ಹೇಳೋಣವೆಂದರೆ ಅದೇ ಗಳಿಗೆಗೆ ಹಿಂದೆ ರೈಲು ಕೂಗಿತು. ಅವಳ ಊರಿನ ಹಾದಿಯಲ್ಲಿ ಎಲ್ಲೂ ರೈಲಿಲ್ಲ. ‘ಘಟಪ್ರಭಾದಾಗ ಅದೀನಿ’ ಎಂದೆ. ‘ಘಟಪ್ರಭಾದಾಗ ಏನ ಮಾಡಾಕತ್ತಿ ಅಣ್ಣಾ?’ ಎಂದಳು.

‘ನನಗೂ ತಿಳಿವಲ್ದು’ ಎಂದೆ. ಅದಕ್ಕಿಂತ ನಿಜವಾದ ಮಾತನ್ನು ನಾನು ಆ ದಿನ ಆಡಲಿಲ್ಲ.

ಕೊನೆಗೆ ಒಂದು ಟಂಟಂ ಆಟೋ ಹಿಡಿದು, ಮೂಡಲಗಿಯಲ್ಲಿ ಇಳಿದು, ಇನ್ನೊಂದು ಟಂಟಂ ಹತ್ತಿ, ಕುರಿಮರಿಗಳ ನಡುವೆ ಮೊಣಕಾಲು ಮಡಚಿಕೊಂಡು ಕೂತು, ಹೊತ್ತು ಎಲ್ಲಿಗೆ ಬಂತೆಂದು ಕತ್ತು ಹೊರಗೆ ಹಾಕಿ ಹಾಕಿ ನೋಡುತ್ತ ತಂಗಿಯ ಊರು ಸೇರಿದೆ. ಆಯಿಯನ್ನು ಹಿಂದೆ ಬಿಟ್ಟು ಓಣಿಯಲ್ಲಿ ಓಡಿದೆ. ಅಂಗಳದಲ್ಲಿ ಕಂಬಳಿ ಹಾಸಿದ್ದರು. ತಂಗಿಯ ಮಾವನವರು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ತಲೆಯ ಮೇಲೆ ಜುಟ್ಟು, ಜುಟ್ಟಿಗೆ ಚಿಟ್ಟೆಯ ಬ್ಯಾಂಡು. ಪಕ್ಕದ ತಟ್ಟೆಯಲ್ಲಿ ಎಲೆ, ಅಡಿಕೆ, ಅರಿಶಿನ ಹಚ್ಚಿದ ಕತ್ತರಿ. ಮಂದಿಯೆಲ್ಲ ‘ಬಂದ್ರು ಬಂದ್ರು, ಮಾವ ಬಂದ್ರು’ ಎಂದರು. ಈ ಸಲವಾದರೂ ನನ್ನಿಂದ ತಡ ಆಯಿತು ಅನ್ನಿಸಿಕೊಳ್ಳಬಾರದೆಂದು ನಾನು ಚಪ್ಪಲಿ ಬಿಟ್ಟೆನೋ ಇಲ್ಲವೋ, ನೇರವಾಗಿ ಹೋಗಿ, ಮಾಳಿಂಗರಾಯನನ್ನು ನೆನೆದು, ಕತ್ತರಿ ಎತ್ತಿ, ಜುಟ್ಟಿನ ತುದಿಯನ್ನು ಕಚಕ್ಕನೆ ಕತ್ತರಿಸಿ ತಟ್ಟೆಗೆ ಹಾಕಿದೆ. ಎಂಥ ಸಮಾಧಾನವಾಯಿತೆಂದರೆ, ಬೆಳಗಿನಿಂದ ಹಿಡಿದಿಟ್ಟ ಉಸಿರನ್ನು ಆಗ ಬಿಟ್ಟೆ.

ಕೈಯಲ್ಲಿದ್ದ ಅಕ್ಷತೆಯನ್ನು ಯಾರೂ ಹಾಕಲಿಲ್ಲ. ಆಗ ಬಚ್ಚಲಿನ ಕಡೆಯಿಂದ ತಂಗಿ ಬಂದಳು. ಅವಳ ಕಂಕುಳಲ್ಲಿ ಟಾವೆಲ್ಲು ಸುತ್ತಿದ, ಒದ್ದೆ ಕೂದಲು ಮುಖದ ತುಂಬ ಅಂಟಿಸಿಕೊಂಡು ಚೀರಾಡುತ್ತಿದ್ದ ಇನ್ನೊಂದು ಮಗುವಿತ್ತು. ಅದೇ ಮಾಳು. ತೊಡೆಯ ಮೇಲಿದ್ದದ್ದು ತಂಗಿಯ ನೆಗೆಣ್ಣಿ, ಅದೇ ಮನೆಯ ಇನ್ನೊಬ್ಬ ಸೊಸೆ ರೇಣುಕಾಳ ಮಗಳು ಪಲ್ಲವಿ. ಕೂಡು ಮನೆಯಲ್ಲಿ ಎಲ್ಲ ಮಕ್ಕಳಿಗೂ ಒಂದೇ ಥಾನಿನ ಬಟ್ಟೆಯಲ್ಲಿ ಅಂಗಿ ಹೊಲಿಸಿದ್ದರು. ಮಾಳುವಿನ ಎಣ್ಣೆಸ್ನಾನಕ್ಕೆಂದು ಬಿಚ್ಚಿದ ಚಿಟ್ಟೆಯ ಬ್ಯಾಂಡನ್ನು ಅವಳು ಹಟ ಮಾಡಿ ಹಾಕಿಸಿಕೊಂಡಿದ್ದಳು. ಪಲ್ಲವಿ ತಟ್ಟೆಯಲ್ಲಿ ಬಿದ್ದ ತನ್ನ ಕೂದಲನ್ನು ನೋಡಿ, ನನ್ನನ್ನು ನೋಡಿ, ಬಾಯಿ ತೆರೆದಳು. ಆ ಅಳು ಊರ ಹೊರಗಿನ ಕುರಿದೊಡ್ಡಿಗೂ ಕೇಳಿರಬೇಕು. ರೇಣುಕಾ ಬಾಗಿಲಲ್ಲಿ ನಿಂತು ಒಂದು ಗಳಿಗೆ ನೋಡಿದಳು, ತಟ್ಟನೆ ಒಳಗೆ ಹೋದಳು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ತಂಗಿ ನನ್ನ ಕಿವಿಯ ಹತ್ತಿರ, ‘ಅಣ್ಣಾ, ಇದರಕಿಂತ ನೀ ತಡಾ ಮಾಡಿದ್ರ ಛಲೋ ಇತ್ತು’ ಎಂದಳು.

ಅಷ್ಟರಲ್ಲಿ ಏದುಸಿರು ಬಿಡುತ್ತ ಭೀಮವ್ವ ಆಯಿ ಒಳಗೆ ಬಂದಳು. ಏನಾಯಿತೆಂದು ಕೇಳಿ ತಿಳಿದುಕೊಂಡು, ಕಂಬಳಿಯ ಅಂಚಿನಲ್ಲಿ ಕೂತು, ಸಾವಕಾಶವಾಗಿ ಹೇಳಿದಳು: ‘ಅದಕ ಯಾಕ ಮಾರಿ ಸಪ್ಪಗ ಮಾಡ್ತೀರಿ? ಆ ಕೂಸಿನ ಜವಳಾನೂ ನಿಂತಿತ್ತಲ್ಲ.’ ಆಗ ನನಗೆ ತಿಳಿಯಿತು. ಆ ಮನೆತನದಲ್ಲಿ ಹೆಣ್ಣುಮಕ್ಕಳಿಗೂ ಜವಳ ತೆಗೆಯುವ ಪದ್ಧತಿಯಿದೆ. ರೇಣುಕಾ ತಾಯಿಗೊಬ್ಬಳೇ ಮಗಳು, ಅಣ್ಣತಮ್ಮಂದಿರಿಲ್ಲ, ಈಗ ತಾಯಿಯೂ ಇಲ್ಲ. ಯಾರನ್ನಾದರೂ ವರಸೆಯಿಂದ ಮಾವ ಎಂದು ನಿಲ್ಲಿಸೋಣವೆಂದು ಮನೆಯವರು ಹೇಳಿದ್ದರಂತೆ. ‘ಬಾಡಿಗಿ ಅಣ್ಣ ನನಗ ಬ್ಯಾಡ’ ಎಂದು ಅವಳು ಒಪ್ಪಿರಲಿಲ್ಲ. ಅದಕ್ಕೇ ಮಗುವಿನ ಕೂದಲು ಹಾಗೇ ಬೆಳೆದಿತ್ತು.

ನಾನು ಚೀಲ ಎತ್ತಿಕೊಂಡು ಹಿಂದಿನ ಬಾಗಿಲು ಎಲ್ಲಿದೆಯೆಂದು ನೋಡುವಷ್ಟರಲ್ಲಿ ರೇಣುಕಾ ಹೊರಗೆ ಬಂದಳು. ಕೈಯಲ್ಲಿ ಆರತಿಯ ತಟ್ಟೆ, ಹೆಗಲ ಮೇಲೊಂದು ಹೊಸ ಟಾವೆಲ್ಲು. ಕಣ್ಣು ಕೆಂಪಾಗಿದ್ದವು. ನನ್ನ ಹಣೆಗೆ ಕುಂಕುಮ ಹಚ್ಚಿ, ಟಾವೆಲ್ಲು ಹೊದಿಸಿ, ಕಾಲು ಮುಟ್ಟಿದಳು. ‘ನಾ ಯಾರನ್ನೂ ಕರ್ದಿದ್ದಿಲ್ರಿ. ನೀವ ಬಂದ್ರಿ’ ಎಂದಳು. ಬೈಗುಳಕ್ಕೆ ಸಿದ್ಧನಾಗಿ ನಿಂತವನಿಗೆ ಆರತಿ ಎತ್ತಿದರೆ ಏನು ಮಾಡಬೇಕೋ ತಿಳಿಯುವುದಿಲ್ಲ. ನಾನು ಬೆಪ್ಪನಂತೆ ಟಾವೆಲ್ಲಿನ ತುದಿ ಹಿಡಿದು ನಿಂತೆ. ತಂಗಿ ನನ್ನ ಚೀಲಕ್ಕೆ ಕೈಹಾಕಿ, ತನಗೆಂದು ತಂದಿದ್ದ ಇಳಕಲ್ ಸೀರೆಯನ್ನು ತೆಗೆದು, ಒಂದು ಸಲ ಸೆರಗು ಬಿಡಿಸಿ ನೋಡಿ, ರೇಣುಕಾಳ ಉಡಿಗೆ ಹಾಕಿದಳು. ‘ನನಗ ಪಂಚಮಿಗಿ ಕೊಡ್ಸು’ ಎಂದಳು. ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ. ಈ ಸಲ ಎಲ್ಲರೂ ನನ್ನ ಕೈಹಿಡಿದು ಕೂರಿಸಿ, ಮುಂದಿರುವುದು ಮಾಳುವಿನ ತಲೆಯೇ ಎಂದು ಖಾತ್ರಿಪಡಿಸಿ, ಆಮೇಲೆ ಕತ್ತರಿ ಕೊಟ್ಟರು.

ಊಟಕ್ಕೆ ಬಡಿಸುವಾಗ ರೇಣುಕಾ ತಲೆ ತಗ್ಗಿಸಿಕೊಂಡೇ ಕೇಳಿದಳು: ‘ಪಂಚಮಿಗಿ ಸುವರ್ಣಾನ್ನ ಕರೀಯಾಕ ಬರ್ತೀರಲ್ಲ ಅಣ್ಣಾರ. ಆಗ ನಾನೂ ಬರ್ಲೇನ್ರಿ?’ ನಾನು ಹೋಳಿಗೆ ಬಾಯಲ್ಲಿಟ್ಟುಕೊಂಡು ತಲೆಯಾಡಿಸಿದೆ. ಒಬ್ಬ ತಂಗಿ ಕೈತಪ್ಪುತ್ತಾಳೆಂದು ಹೆದರಿಕೊಂಡು ಮನೆ ಬಿಟ್ಟವನು ಇಬ್ಬರನ್ನು ಮಾಡಿಕೊಂಡು ತಿರುಗಿ ಬಂದೆ. ಇದು ಹೇಗಾಯಿತೆಂದು ಹೆಂಡತಿ ಕೇಳಿದಳು. ಎಷ್ಟು ಹೇಳಿದರೂ ಅವಳಿಗೆ ಅರ್ಥವಾಗಲಿಲ್ಲ, ಹೇಳುತ್ತ ಹೇಳುತ್ತ ನನಗೂ ಗೋಜಲಾಯಿತು.

ಪಂಚಮಿಗೆ ಹೋಗಿ ಇಬ್ಬರನ್ನೂ ಕರೆತಂದೆ. ತಂಗಿಯರಿಬ್ಬರೂ ಆಧಾರ್ ಕಾರ್ಡು ತೋರಿಸಿ ಕಿಟಕಿಯ ಪಕ್ಕ ಕೂತು, ದಾರಿಯುದ್ದಕ್ಕೂ ನನ್ನ ಹೆಂಡತಿಯ ಉಂಡಿಯ ಬಗ್ಗೆಯೇ ಮಾತಾಡಿದರು. ಟಿಕೆಟು ತೆಗೆಸಿ ನಿಂತವನು ನಾನೊಬ್ಬನೇ. ಜೋಕಾಲಿಯ ಹತ್ತಿರ ರೇಣುಕಾ ನಕ್ಕಿದ್ದನ್ನು ನೋಡಿ ನಮ್ಮ ಮನೆಗೆ ಈ ಮೊದಲೇ ಇವಳು ಬರಬೇಕಿತ್ತು ಅನ್ನಿಸಿತು, ಆ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ. ಮಾಳು ನನ್ನನ್ನು ಕಂಡರೆ ಓಡಿಬಂದು ತೊಡೆ ಏರುತ್ತಾನೆ. ಪಲ್ಲವಿಯೂ ‘ಮಾವಾ’ ಎಂದು ಬಾಯಿತುಂಬ ಕರೆಯುತ್ತಾಳೆ. ಕರೆಯುವಾಗ ಮಾತ್ರ ಎರಡೂ ಕೈಗಳನ್ನು ತಲೆಯ ಮೇಲೆ ಗಟ್ಟಿಯಾಗಿ ಇಟ್ಟುಕೊಂಡಿರುತ್ತಾಳೆ.